ಕಣ್ಣಿನ ಹಿಂದಿನ ಚುಕ್ಕೆಗಳು

ಮನೆಯಿಂದ,
ಸೋಮವಾರ, ೧೦ನೇ ತಾರೀಕು

ಪ್ರೀತಿಯ ಅಪ್ಪಾ,

ನಾನು ಆರು ವರ್ಷದವಳಿದ್ದಾಗ ನೀವು ಕೆನ್ನೆಗೆ ಹೊಡೆದ ಆ ಏಟಿನ ಮಾತೆತ್ತದೆಯೇ ಈ ಕಾಗದ ಮುಗಿಸಿಬಿಡುವವಳಿದ್ದೆ. ಅದಿರಲಿ, ಮೊದಲು ಹೇಳಿ, ಮಂಡಿನೋವು ಹೇಗಿದೆ? ತಮ್ಮನ ಮನೆಗೆ ಬಾಗಿಲು ಕೂರಿಸಲು ಹೋದವರು ನೆಲದ ಮೇಲೆ ಕೂತು ಉಳಿ ಹಿಡಿಯಬೇಡಿ. "ಬಡಗಿಗ್ಯಾಕೆ ಕುರ್ಚಿ?" ಅಂತೀರಿ, ಗೊತ್ತು.

ಶುಕ್ರವಾರ ಓದುವ ಕನ್ನಡಕಕ್ಕೆಂದು ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಹನಿ ಹಾಕಿ, ದೀಪ ಹಿಡಿದು ಬಹಳ ಹೊತ್ತು ನೋಡಿದ ಆಕೆ ಇದ್ದಕ್ಕಿದ್ದಂತೆ, "ನಿಮಗೆ ಒಂದು ಕಿವಿ ಕೇಳಿಸಲ್ವಾ?" ಅಂದರು. ನಾನು ಕಿವಿಯ ಸುದ್ದಿಯನ್ನೇ ಎತ್ತಿರಲಿಲ್ಲ! ಎರಡೂ ಕಣ್ಣಿನ ಹಿಂಭಾಗದಲ್ಲಿ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿವೆಯಂತೆ. ದೃಷ್ಟಿಗೇನೂ ತೊಂದರೆಯಿಲ್ಲ, ಗಾಬರಿಯಾಗಬೇಡಿ. ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಎಂಬ, ಮೈಮೇಲೆ ಕೆಂಪು ಗುಳ್ಳೆ ಏಳುವ ಜ್ವರ ಬಂದರೆ ಮಗುವಿನ ಕಣ್ಣಿಗೂ ಕಿವಿಗೂ ಹೀಗೆ ಗುರುತು ಉಳಿಯಬಹುದಂತೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹನಿ ಹಾಕಿದ ಕಣ್ಣಿಗೆ ಬೀದಿಯೆಲ್ಲ ಬೆಳ್ಳಗೆ ಕಾಣುತ್ತಿತ್ತು. ಒಬ್ಬಳೇ ನಕ್ಕೆ. ಶನಿವಾರ ಕಿವಿಯ ಡಾಕ್ಟರೂ ನನ್ನಿಂದ ಏಟಿನ ವಿಷಯ ಕೇಳಿ, ಪರೀಕ್ಷೆ ಮಾಡಿ, "ಪರದೆಗೆ ಏನೂ ಆಗಿಲ್ಲ. ಒಳಗಿವಿ ಹುಟ್ಟಿನಿಂದಲೇ ಹೀಗಿದ್ದಿರಬೇಕು. ಏಟಿಗೂ ಇದಕ್ಕೂ ಸಂಬಂಧ ಇಲ್ಲ" ಅಂದರು.

ಸಂಬಂಧ ಇಲ್ಲ ಅಪ್ಪಾ. ಇನ್ನೊಮ್ಮೆ ಓದಿಕೊಳ್ಳಿ.

ಅಮ್ಮನನ್ನು ಕೇಳಿದೆ. "ಹೂಂ, ಮೂರನೇ ತಿಂಗಳಲ್ಲಿ ಮೈಯೆಲ್ಲ ಕೆಂಪು ಗುಳ್ಳೆ ಎದ್ದಿತ್ತು. ಮೂರೇ ದಿನಕ್ಕೆ ಇಳೀತು, ಬೆವರುಸಾಲೆ ಅಂದ್ಕೊಂಡೆ" ಅಂದಳು. ಮರುಕ್ಷಣ, "ಹಾಗಾದ್ರೆ ನನ್ನಿಂದಾನಾ?" ಅಂದಳು. ಒಬ್ಬರ ಹೆಗಲಿಂದ ಇಳಿಸಿ ಇನ್ನೊಬ್ಬರ ಹೆಗಲಿಗೆ ಹೊರಿಸಿದೆನೇ ಎಂದು ನನಗೆ ಅಳುಕಾಯಿತು. ಯಾರ ತಪ್ಪೂ ಅಲ್ಲ, ಆಗ ನಮಗೆಲ್ಲ ಲಸಿಕೆ ಎಲ್ಲಿತ್ತು ಎಂದೆ. ಕೊನೆಗೆ ಅವಳೇ ನಕ್ಕಳು: "ಬಿಡೇ, ಮೂವತ್ತೆಂಟು ವರ್ಷ ನಿಮ್ಮಪ್ಪ ಮುಖ ಗಂಟು ಹಾಕ್ಕೊಂಡಿದ್ದು ಸಾಕು. ಇನ್ನು ಸ್ವಲ್ಪ ದಿನ ನಾನು ಹಾಕ್ಕೋತೀನಿ, ಅವರು ಅಡುಗೆ ಮಾಡ್ಲಿ."

ತಮ್ಮನಿಗೂ ಅವನ ಹೆಂಡತಿಗೂ ನಾನು ಕೇಳಿದೆನೆಂದು ಹೇಳಿ. ಮಂಡಿ ಜೋಪಾನ.

ನಿಮ್ಮ ಮಗಳು

ತಾ.ಕ.: ಹದಿನಾರನೇ ವಯಸ್ಸಿನ ಸಿಟ್ಟಿನಲ್ಲಿ, ನೀವು ಮೊದಲಿನಿಂದಲೂ ಅಂಜಿಕೊಂಡಿದ್ದನ್ನೇ ಬಾಯಿಬಿಟ್ಟು, "ನಿಮ್ಮ ಏಟಿಗೇ ನನ್ನ ಕಿವಿ ಹೋಯ್ತು" ಎಂದಿದ್ದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಏಟಿಗೆ ಎಷ್ಟೋ ಮುಂಚಿನಿಂದಲೇ, ಕೇಳಿಸುವ ಎಡಗಿವಿಯನ್ನು ದಿಂಬಿಗೊತ್ತಿ ಮಲಗಿದರೆ ನನಗೆ ರೇಡಿಯೋ ನಿಂತುಹೋಗುತ್ತಿತ್ತು. ಏಟು ಬಿದ್ದ ದಿನವೂ ಹಾಗೇ ಮಲಗಿದ್ದೆ. ನೀವು ಮೂರು ಸಲ ಕರೆದರೂ ಏಳದಿದ್ದದ್ದು ಕೊಬ್ಬಿನಿಂದಲ್ಲ. ಆಮೇಲೆ ನೀವು ನನ್ನ ಮೇಲೆ ಕೈಯೆತ್ತಲಿಲ್ಲ. ತಲೆ ಸವರಲೂ ಇಲ್ಲ. ಇದನ್ನು ಹೇಳಲು ಯಾವ ಡಾಕ್ಟರೂ ಬೇಕಿರಲಿಲ್ಲ, ನಾನು ಹೇಳಲಿಲ್ಲ. ಮನಸ್ಸು ಬದಲಾಗುವ ಮೊದಲು ಅಂಚೆಗೆ ಹಾಕುತ್ತೇನೆ: ನಾಳೆ, ಮಂಗಳವಾರ, ೧೧ನೇ ತಾರೀಕು.