ಮೇಷ್ಟ್ರ ಮನೆಗೆ ಎರಡು ಸಹಿ

ಬಾಡಿಗೆ ಮನೆಯ ಅಡುಗೆಕಟ್ಟೆಯಿಂದ,
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ನನ್ನವಳೇ,

ಸಭೆಯಲ್ಲಿ ನೆರೆದಿರುವ ಮಹನೀಯರೇ, ಮಹಿಳೆಯರೇ, ಸ್ವಂತ ಸೂರಿಲ್ಲದ ಸಮಸ್ತ ಬಾಂಧವರೇ! ದಲ್ಲಾಳಿಯ ಹಂಗಿಲ್ಲದೆ ಮನೆ ಕೊಳ್ಳಹೊರಟ ಧೀರನೊಬ್ಬನ ಸಾಹಸವನ್ನು ಶಾಂತಚಿತ್ತದಿಂದ ಆಲಿಸಬೇಕಾಗಿ ಪ್ರಾರ್ಥನೆ. ಸಭೆಯೆಂದರೆ ನೀನೊಬ್ಬಳೇ; ಚಪ್ಪಾಳೆ ಆಮೇಲೆ, ಮೊದಲು ಬೆನ್ನುನೋವು ಹೇಗಿದೆ ಹೇಳು. ನರ್ಸುಗಳ ತರಬೇತಿಯಲ್ಲಿ ದಿನವಿಡೀ ನಿಲ್ಲಿಸುತ್ತಾರಂತೆ, ಕೂರಲು ಸ್ಟೂಲಾದರೂ ಕೇಳು. ಮಗಳು ಚೆನ್ನಾಗಿದ್ದಾಳೆ, ನನ್ನ ಅಡುಗೆಯನ್ನು ಸಹಿಸುವಷ್ಟು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಲ್ಲಿ ನೀನು ನಡುನಡುವೆ ಪ್ರಶ್ನೆ ಕೇಳುತ್ತೀಯೆ.

ಮನೆ ಸಿಕ್ಕಿದೆ. ಎರಡು ಕೋಣೆ, ಬೆಳಕಿನ ಅಡುಗೆಮನೆ, ನಿನ್ನ ಹೊಲಿಗೆ ಯಂತ್ರ ಹಿಡಿಸುವಂಥ ಮೂಲೆ. ಟೇಪು ಹಿಡಿದು ನಾನೇ ಅಳೆದೆ, ನಲ್ಲಿ ತಿರುಗಿಸಿದೆ, ಗೋಡೆಗೆ ಕಿವಿಯಿಟ್ಟು ತಟ್ಟಿದೆ. ಬ್ರೋಕರ್ ಯಾಕೆ ಬೇಕು, ಒಬ್ಬ ಜೋಕರ್ ಸಾಕು. ಮಾರುವವರು ಯಾರು ಗೊತ್ತೇ? ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರು! ಬಾಗಿಲು ತೆಗೆದವರೇ, "ಏನೋ ಪ್ರಾಸದ ಪಂಡಿತ, ಈಗ್ಲಾದ್ರೂ ಲೆಕ್ಕ ಬರುತ್ತೇನೋ?" ಅಂದರು. ಅಲ್ಲಿಗೆ ನಲವತ್ತೈದರ ನಾನು ಹದಿನಾಲ್ಕರವನಾಗಿ ಕೈಕಟ್ಟಿ ನಿಂತೆ. ಮನೆಯ ಮೂಲಪತ್ರ ತೋರಿಸಿ ಎನ್ನಲು, ತಂಟೆ ತಕರಾರು ಇದೆಯೇ ಎಂದು ಕೇಳಲು ನಾಲಗೆ ಏಳಲಿಲ್ಲ. ಮೇಷ್ಟ್ರನ್ನೇ ಪರೀಕ್ಷೆ ಮಾಡಿದವರುಂಟೇ? ದಲ್ಲಾಳಿಯಾಗಿದ್ದರೆ ಮುಖಮೂತಿ ನೋಡದೆ ಕೇಳಿಬಿಡುತ್ತಿದ್ದ. ಅವನಿರುವುದೇ ಅದಕ್ಕೆಂದು ಈಗ ಹೊಳೆಯುತ್ತಿದೆ.

ಮೇಷ್ಟ್ರು ಕರಾರುಪತ್ರವನ್ನು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು. ಇಪ್ಪತ್ತನೇ ತಾರೀಖು ಬೇರೆ ಯಾರೋ ಮನೆ ನೋಡಲು ಬರುತ್ತಾರಂತೆ. ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ. ಉಳಿದಂತೆ ಎಲ್ಲರೂ ಕ್ಷೇಮ. ನಿನಗೆ ಮಗಳ ಎರಡು ಮುತ್ತು, ನನ್ನದೊಂದು.

ಇಂತಿ ನಿನ್ನ,
ಅಳತೆಟೇಪಿನ ಅರಸ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಕರಾರಿಗೆ ನಮ್ಮಿಬ್ಬರ ಸಹಿಯೂ ಬೇಕಿತ್ತು. ಮನೆ ಕೈತಪ್ಪೀತೆಂಬ ಭಯಕ್ಕೆ ನಿನ್ನ ಸಹಿಯನ್ನೂ ನಾನೇ ಹಾಕಿ ನಿನ್ನೆ ಒಯ್ದುಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಅಂಕಪಟ್ಟಿ ಮೇಲೆ ನಿಮ್ಮಪ್ಪನ ಸಹಿಗೂ ಹೀಗೇ ಬಾಲ ಎಳೀತಿದ್ದೆ ಕಣೋ" ಅಂದರು. ಹಾಳೆಯನ್ನು ನಾಲ್ಕು ಚೂರು ಮಾಡಿ ನನ್ನ ಕೈಗಿಟ್ಟರು. "ಮೂಲಪತ್ರ ಕೇಳದೆ ಮನೆ ಕೊಳ್ಳೋ ದಡ್ಡನಿಗೆ ನಾನು ಮಾರಲ್ಲ. ಹತ್ತೊಂಬತ್ತರವರೆಗೂ ಕಾಯ್ತೀನಿ. ನಿನ್ ಹೆಂಡ್ತೀನ ಕರ್ಕೊಂಡ್ ಬಾ, ಅವಳು ಕೇಳಲಿ."

ಎರಡು ದಿನ ರಜೆ ಹಾಕಿ ಬಂದುಬಿಡು. ಮನೆ ಬೇಡವೆಂದರೂ ಸರಿ, ಬೈದರೂ ಸರಿ. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆದ ಆ ನಾಲ್ಕು ಚೂರನ್ನೂ ಈ ಲಕೋಟೆಯಲ್ಲೇ ಇಟ್ಟಿದ್ದೇನೆ.