ಉಳಿಯದ್ದಕ್ಕೂ ಒಂದು ಹೆಸರು

ಅಪ್ಪಾ,

ನೀವು ಹೋದ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನಮ್ಮ ಪ್ರಯೋಗಾಲಯದಲ್ಲಿ ಹೊಸ ಮೂಲಧಾತು ಹುಟ್ಟಿದೆ. ತೆಳುವಾದ ಲೋಹದ ಹಾಳೆಗೆ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಕಣಗಳನ್ನು ಬಡಿದು, ಎರಡು ಪರಮಾಣುಗಳು ಬೆಸೆದು ಒಂದಾಗಲಿ ಎಂದು ಕಾದಿದ್ದೆವು. ಕೊನೆಗೂ ಬೆಸೆದವು. ಯುರೇನಿಯಂಗಿಂತಲೂ ಎಷ್ಟೋ ಭಾರದ, ಒಂದೇ ಒಂದು ಪರಮಾಣು. ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದುಹೋಯಿತು; ಒಡೆಯುತ್ತಾ ಬಿಟ್ಟ ಜಾಡಿನಿಂದಲೇ ಅದು ಇತ್ತೆಂದು ತಿಳಿದೆವು. ಇನ್ನೊಂದು ಪ್ರಯೋಗಾಲಯದವರೂ ಅದೇ ಜಾಡು ಕಂಡರೆಂದು ಇಂದು ಸುದ್ದಿ ಬಂತು. ಇನ್ನು ಹೆಸರಿಡುವ ಹಕ್ಕು ನಮ್ಮದು.

"ಅರೆಗಳಿಗೆ ನಿಲ್ಲದ್ದಕ್ಕೆ ಹೆಸರೊಂದು ಕೇಡು," ಎಂದರು ಯಂತ್ರ ನೋಡಿಕೊಳ್ಳುವ ಮೇಸ್ತ್ರಿ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಂಗಿ ಹುಟ್ಟಿ ಒಂದೇ ರಾತ್ರಿ ಇದ್ದು ಹೋದಾಗ, ಆಸ್ಪತ್ರೆಯ ಬಾಗಿಲಲ್ಲಿ ನೀವು ಅಮ್ಮನಿಗೆ ಹೇಳಿದ್ದೂ ಇದನ್ನೇ: "ಉಳಿಯದ ಕೂಸಿಗೆ ಎಂಥಾ ಹೆಸರು? ಆ ಮಾತು ಇಲ್ಲಿಗೇ ಬಿಡು." ಅಮ್ಮ ಬಿಟ್ಟಳು. ನಾನು ನಿಮ್ಮ ಬೆರಳು ಹಿಡಿದು ಮನೆಗೆ ನಡೆದೆ.

"ಇತ್ತಲ್ಲ, ಅಷ್ಟು ಸಾಕು. ಇದ್ದದ್ದಕ್ಕೆ ಹೆಸರು ಇರಲೇಬೇಕು," ಎಂದೆ ಮೇಸ್ತ್ರಿಗೆ.

ಮನೆಗೆ ಬಂದವಳೇ ಅಮ್ಮನನ್ನು ಕೇಳಿದೆ: "ಪಾಪುಗೆ ಏನಂತ ಇಡಬೇಕು ಅಂದ್ಕೊಂಡಿದ್ದೆ?"

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ, ಒಂದಿಷ್ಟೂ ತಡವರಿಸದೆ ಹೇಳಿದಳು. ಆಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಆ ಹೆಸರನ್ನು ಬಾಯ್ತುಂಬ ಕರೆದು ನೋಡಿದೆವು.

ಅದು ಏನೆಂದು ನಿಮಗೆ ಹೇಳುವುದಿಲ್ಲ, ಅಪ್ಪ. ನೀವು ಯಾವತ್ತೂ ಕೇಳಲೇ ಇಲ್ಲ.