ಇಲಿಯ ಗರ್ಭಕೋಶಕ್ಕಿರುವ ಮರ್ಯಾದೆ

ಮೈಸೂರು

ತಂಗಿ ಜಂಬಮ್ಮನಿಗೆ ಅಕ್ಕನ ಹಾರೈಕೆ.

ಮೊಮ್ಮಗಳು ಭಾಗ್ಯಶ್ರೀ ತನ್ನ ಪ್ರಯೋಗಶಾಲೆ ತೋರಿಸಿದಳು. ಇಲಿಯ ಗರ್ಭಕೋಶದೊಳಗೆ ಕಿಣ್ವಗಳೆಂಬ ಕೂಲಿಯಾಳುಗಳಿವೆ. ಅಂಡಾಶಯದಿಂದ ಈಸ್ಟ್ರೋಜನ್ ಎಂಬ ಮೇಸ್ತ್ರಿ ಬಂದರೆ ಅವುಗಳಲ್ಲಿ ಹಲವು ಚುರುಕಾಗುತ್ತವೆ. ಅಂಡಾಶಯ ತೆಗೆದು ಮೇಸ್ತ್ರಿಯನ್ನು ತಪ್ಪಿಸಿದರೆ ಮಂಕಾಗುತ್ತವೆ.

“ನಮ್ಮ ಕಡಿ ಡಾಕ್ಟರು, ಹೊಟ್ಟಿನೋವು ಅಂದ್ರ ಸಾಕು, ಗರ್ಭಚೀಲಾನ ತೆಗಿಸ್ರಿ ಅಂತಾರವ್ವ” ಅಂದೆ.

“ಅಜ್ಜಿ, ಇಲಿಗೆ ಕತ್ತರಿ ಹಚ್ಚಾಕೂ ನಾವು ಕಮಿಟಿ ಒಪ್ಪಿಗಿ ತಗೋಬೇಕು” ಅಂದಳು.

ಈರುಳ್ಳಿ ಕಿತ್ತಾದ ಮೇಲೆ, ಹೊಟ್ಟೆನೋವಿಗೆಂದು ನಿನ್ನ ಸೊಸೆ ನಾಗರತ್ನಳ ಗರ್ಭಕೋಶ ತೆಗೆಸಲು ನಿನ್ನೊಬ್ಬಳ ಒಪ್ಪಿಗೆಯೇ ಸಾಕಾಗಿದೆ. ಬೇರೆ ಡಾಕ್ಟರಿಗೆ ತೋರಿಸುವ ತನಕ ತಡೆ. ನನ್ನ ಮೊಣಕಾಲು ನೋವು ಇಳಿದಿದೆ.

ಇಲಿಗೆ ಬಾಯಿಲ್ಲ, ಅದಕ್ಕೇ ಕಮಿಟಿ. ನಾಗರತ್ನಳಿಗೆ ಬಾಯಿದೆ, ಅವಳನ್ನೇ ಕೇಳು.

ನಿನ್ನಕ್ಕ
ಹುಲುಗಮ್ಮ